ತೆಗೆದಿಟ್ಟ ಹೋಳಿಗೆ

ನಾಗಪುರದ ಏರ್ ಫೋರ್ಸ್ ಕ್ವಾರ್ಟರ್ಸಿನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಗದಗಿನ ಒಬ್ಬ ನರ್ಸ್ ಇದ್ದಳು. ಯಾರ ಕೈ ಹಿಡಿದರೂ ಅವಳ ಬೆರಳು ತಾನಾಗಿ ನಾಡಿಯ ಮೇಲೆ ಹೋಗುತ್ತಿತ್ತು. ಕ್ರಿಸ್ತನನ್ನು ನಂಬಿದ್ದಕ್ಕೆ ತವರಿನ ಬಾಗಿಲು ಮುಚ್ಚಿತ್ತು. ತಾಯಿ ತೀರಿಕೊಂಡಾಗ ಮಣ್ಣಿಗೂ ಅಣ್ಣಂದಿರು ಕರೆಯಲಿಲ್ಲ. ನನ್ನನ್ನು ಅಣ್ಣನ ಹೆಂಡತಿಯಂತೆ ವೈನಿ ಅಂತ ಕರೆಯುತ್ತಿದ್ದಳು. ನಾನು ಮರುಗಿದರೆ, "ಇರ್ಲಿ ಬಿಡ್ರಿ ವೈನಿ, ನನಗ ಅವನೊಬ್ಬ ಸಾಕು" ಅನ್ನುವಳು.

ಆ 'ಒಬ್ಬ' ನನ್ನ ಹೊಟ್ಟೆ ಉರಿಸುತ್ತಿದ್ದ. ನನ್ನ ದೇವರ ಜಗಲಿಯ ಮೇಲೆ ಹನ್ನೆರಡು ದೇವರಿದ್ದರು. ಒಬ್ಬರಿಗಾಗಿಯೂ ನಾನು ಒಂದು ಹೊತ್ತಿನ ಚಹಾ ಬಿಟ್ಟವಳಲ್ಲ.

ದೇವರಿಗೆ ನೈವೇದ್ಯ ಹಿಡಿದದ್ದನ್ನು ಅವಳು ತಿನ್ನುತ್ತಿರಲಿಲ್ಲ. ಅದಕ್ಕೇ ಪ್ರತಿ ಹಬ್ಬಕ್ಕೂ ನಾನು ಅವಳ ಪಾಲನ್ನು ಮೊದಲೇ ತೆಗೆದಿಡುತ್ತಿದ್ದೆ. ಒಂದು ಯುಗಾದಿಗೆ ಮಾತ್ರ ಬೇಕಂತಲೇ ನೈವೇದ್ಯದ ಹೋಳಿಗೆಯನ್ನೇ ಒಯ್ದೆ. ಅವನನ್ನು ಒಮ್ಮೆಯಾದರೂ ಸೋಲಿಸಬೇಕು ಅನ್ನಿಸಿತ್ತು.

"ಮೊದಲ ತೆಗೆದಿಟ್ಟಿದ್ದು," ಅಂದೆ, ಅವಳು ಕೇಳದಿದ್ದರೂ.

"ಅದನ್ನೂ ಹೇಳಬೇಕೇನ್ರಿ?" ಅಂತ ನಕ್ಕು ನನ್ನ ಕೈ ಹಿಡಿದಳು. "ಅಯ್ಯ, ನಾಡಿ ಎಷ್ಟ್ ಜೋರ್ ಬಡಿಯಾಕತ್ತೈತಿ! ಮೆಟ್ಟಲಾ ಜಲ್ದಿ ಹತ್ತಿದ್ರೇನು? ಕೂಡ್ರಿ." ಆಮೇಲೆ ಕಣ್ಣು ಮುಚ್ಚಿದಳು. "ಕರ್ತನೇ, ತವರು ಹೋದಲ್ಲಿ ಈ ವೈನಿನ್ನ ಕೊಟ್ಟಿ, ಸ್ತೋತ್ರ." ಒಂದು ಚೂರೂ ಬಿಡದೆ ತಿಂದಳು.

ಆ ಹೋಳಿಗೆಯ ಸಂಗತಿ ಇವತ್ತಿಗೂ ಇಬ್ಬರಿಗೇ ಗೊತ್ತು: ನನಗೆ, ಮತ್ತೆ ಅವಳ ಆ ಒಬ್ಬನಿಗೆ. ವರ್ಗವಾಗಿ ಹೋದವಳು ಪ್ರತಿ ಯುಗಾದಿಗೂ "ವೈನಿ" ಅಂತ ಫೋನ್ ಮಾಡುತ್ತಾಳೆ. ಅವನೂ ಹೇಳಿದಂತಿಲ್ಲ.