ಸೊಳ್ಳೆ ನಂಜಪ್ಪನವರು

ಯಾರ ಮನೆಗೆ ಹೋದರೂ ನಂಜಪ್ಪನವರು ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ, ಹಂಡೆ ನೋಡುತ್ತಿದ್ದರು. ಆಮೇಲೆ ಬಾನಿ, ದನದ ಕಲಗಚ್ಚಿನ ತೊಟ್ಟಿ, ಕೊನೆಗೆ ಹಿತ್ತಲ ಬಾವಿ. ಇಷ್ಟೂ ಆದ ಮೇಲೆ "ಏನಮ್ಮಾ, ಎಲ್ಲಾ ಚೆನ್ನಾಗಿದ್ದೀರಾ?" ಎಂದು ನಮ್ಮ ಕಡೆ ತಿರುಗುತ್ತಿದ್ದರು. ನೀರಿನಲ್ಲಿ ಹುಳ ಕಂಡ ದಿನ ಅದನ್ನೂ ಕೇಳುತ್ತಿರಲಿಲ್ಲ. ನಾವು ಚೆನ್ನಾಗಿಲ್ಲವೆಂದು ಅವರಿಗೆ ಆಗಲೇ ಗೊತ್ತಾಗಿರುತ್ತಿತ್ತು.

ಮಹಾರಾಜರ ಕಾಲದ ಮಾತು. ನಾನು ಸಿದ್ದರಬೆಟ್ಟದ ತಪ್ಪಲಿನ ಹಳ್ಳಿಯಿಂದ ಪುರವರಕ್ಕೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ನಮ್ಮ ಮನೆಯವರದು ಈಶ್ವರನ ಗುಡಿಯ ಪೂಜೆ. ಮನೆಯಲ್ಲಿ ಅತ್ತೆ ಗಿರಿಜಮ್ಮ, ಯಜಮಾನರು, ನಾನು, ಮೂರೇ ಜನ. ನಾಲ್ಕನೆಯದಾಗಿ ಜ್ವರವಿತ್ತು ಎನ್ನಬೇಕು. ದಿನ ಬಿಟ್ಟು ದಿನ, ಮಧ್ಯಾಹ್ನದ ಹೊತ್ತಿಗೆ ಯಜಮಾನರಿಗೆ ಚಳಿ ಹತ್ತುತ್ತಿತ್ತು. ಮೂರು ಕಂಬಳಿ ಹೊದಿಸಿ ಮೇಲಿಂದ ಒತ್ತಿ ಹಿಡಿದರೂ ಮಂಚ ಕಟಕಟ ಎನ್ನುತ್ತಿತ್ತು. ಎಡಪಕ್ಕೆಯ ಕೆಳಗೆ ಜ್ವರಗೆಡ್ಡೆ ಕೈಗೆ ಸಿಗುತ್ತಿತ್ತು. ಇಪ್ಪತ್ತೆರಡು ವರ್ಷದ ಗಂಡ ಗುಡಿಯ ಮೂರು ಮೆಟ್ಟಿಲು ಹತ್ತಿ ಕಂಬ ಹಿಡಿದು ನಿಲ್ಲುವುದನ್ನು ನೋಡಿ ನಾನು ಒಳಗೊಳಗೇ ಹೆದರಿಹೋಗಿದ್ದೆ. ಹಾಗೆ ನಡುಗಿ ನಡುಗಿ ಆ ವರ್ಷ ಊರಿನಲ್ಲಿ ಹೋದವರಿದ್ದರು.

ಆಗ ಬಂದವರು ನಂಜಪ್ಪನವರು. ಶಿರಾ ಕಡೆಯ ಬರಗೂರಿನವರು. ಮಲೇರಿಯಾ ಕೆಲಸಕ್ಕೆಂದು ಸರ್ಕಾರ ಅವರನ್ನು ಮಧುಗಿರಿಗೆ ಹಾಕಿತ್ತು. ಖಾಕಿ ಕೋಟು, ಬಿಳಿ ರುಮಾಲು, ಉದ್ದ ಹಿಡಿಯ ಬಿಳಿ ಎನಾಮಲ್ ಸೌಟು, ಒಂದು ಸೈಕಲ್ಲು. ಸೌಟು ನೋಡಿದ ಹೆಂಗಸರು "ಸಾರು ಬಡಿಸೋರು ಬಂದ್ರು" ಎಂದು ನಗುತ್ತಿದ್ದರು. ಸೈಕಲ್ಲು ಸರ್ಕಾರದ್ದು, ಅದನ್ನು ತುಳಿಯಲು ಅವರಿಗೆ ಬರುತ್ತಿರಲಿಲ್ಲ. ಹಿಂದೆ, ನಿಂತ ನೀರಿಗೆ ಸುರಿಯುವ ಎಣ್ಣೆಯ ಡಬ್ಬ ಕಟ್ಟಿ ಮಧುಗಿರಿಯಿಂದ ನಮ್ಮೂರವರೆಗೂ ಅದನ್ನು ನಡೆಸಿಕೊಂಡೇ ಬರುತ್ತಿದ್ದರು. ಕೇಳಿದರೆ, "ಹತ್ಕೊಂಡು ಹೋದ್ರೆ ದಾರಿ ಪಕ್ಕದ ನೀರಿನ ಗುಂಡಿ ಕಾಣಾಕಿಲ್ಲ ಕಣಪ್ಪ" ಎನ್ನುತ್ತಿದ್ದರು. ಒಂದು ಸಲ ಹತ್ತಿಯೂ ನೋಡಿದ್ದರಂತೆ. ಆ ಸಲ ಗುಂಡಿಯನ್ನು ಬಹಳ ಹತ್ತಿರದಿಂದ ಕಂಡರಂತೆ.

ನಮ್ಮ ಹಿತ್ತಲ ಬಾವಿಗೆ ಮೆಟ್ಟಿಲಿದ್ದವು. ಗುಡಿಯ ಅಭಿಷೇಕಕ್ಕೂ ನಮ್ಮ ಕುಡಿಯುವುದಕ್ಕೂ ಅದೇ ನೀರು. ಬಂದ ಮೊದಲ ದಿನವೇ ನಂಜಪ್ಪನವರು ಇಳಿದು ಅಂಚಿನ ಪಾಚಿಯ ಹತ್ತಿರ ಒಂದು ಸೌಟು ನೀರು ಮೊಗೆದು ತಂದು ಅತ್ತೆಯ ಮುಂದೆ ಹಿಡಿದರು. ಬಿಳಿ ತಳದ ಮೇಲೆ ಕಡ್ಡಿಯ ಚೂರಿನಂಥವು ಮಿಸುಕುತ್ತಿದ್ದವು.

"ನೋಡಿ ತಾಯೀ. ತಲೆ ಕೆಳಗಾಗಿ ನೇತಾಡೋವು ಬರೀ ಕಚ್ಚೋವು. ಇಂಗೆ ನೀರ ಮ್ಯಾಲೆ ಅಡ್ಡಡ್ಡ ಮಲಗವಲ್ಲ, ಇವು ಚಳಿಜ್ವರ ತರೋವು. ನಿಮ್ಮ ಮಗನ್ನ ನಡುಗಿಸ್ತಾ ಇರೋವು ಇವೇಯ."

"ನನ್ನ ಮಗನ ಜ್ವರ ಬಾವೀಲಿ ಈಜಾಡ್ತದೇನಪ್ಪ?" ಎಂದರು ಅತ್ತೆ. "ಕೆಲಸ ಇಲ್ವಾ ನಿಂಗೆ?"

"ಇದೇ ತಾಯೀ ನನ್ನ ಕೆಲಸ" ಎಂದು ನಂಜಪ್ಪನವರು ಬೇಸರವಿಲ್ಲದೆ ಆ ನೀರನ್ನು ಒಂದು ಗಾಜಿನ ಸೀಸೆಗೆ ಸುರಿದು, ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ ಜಗಲಿಯ ಮೇಲಿಟ್ಟು ಹೋದರು. "ವಾರ ಬುಟ್ಟು ನೋಡಿ."

ಅತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ ಎಂದರು. ಆದರೆ ಅಕ್ಕಿ ಆರಿಸಲು ದಿನವೂ ಸೀಸೆಯ ಪಕ್ಕದಲ್ಲೇ ಕೂರುತ್ತಿದ್ದರು. ಆರನೆಯ ದಿನ ಬೆಳಿಗ್ಗೆ ಅವರ ಕೂಗಿಗೆ ನಾನು ಕೈಯಲ್ಲಿದ್ದ ತಂಬಿಗೆ ಬಿಟ್ಟು ಓಡಿದೆ. "ಇಲ್ ಬಾರೆ, ರೆಕ್ಕೆ ಬಂದವೆ ಕಣೆ!" ಸೀಸೆಯ ಒಳಗೋಡೆಗೆ ಸೊಳ್ಳೆಗಳು ಬಾಲ ಎತ್ತಿ ಕೂತಿದ್ದವು. ಅತ್ತೆ ಬಹಳ ಹೊತ್ತು ಅವನ್ನೇ ನೋಡಿದರು. ಆಮೇಲೆ ಒಳಗೆ, ಮಗ ಮಲಗಿದ್ದ ಮಂಚದ ಕಡೆ ನೋಡಿದರು.

ನಂಜಪ್ಪನವರು ಬಂದಾಗ ಅತ್ತೆಯೇ ಕೇಳಿದರು: "ಈಗೇನು ಮಾಡ್ಬೇಕು?"

"ಕುಡಿಯೋ ನೀರಿಗೆ ಎಣ್ಣೆ ಬುಡಂಗಿಲ್ಲ. ಮೀನು ಬುಡಾನ, ಹುಳಾನೆಲ್ಲ ತಿಂದಾಕ್ತವೆ."

"ಮೀನಾ? ಶಿವನ ಅಭಿಷೇಕದ ನೀರಿಗಾ?"

"ಅದು ಬರೀ ಮೀನಲ್ಲ ತಾಯೀ, ಸರ್ಕಾರಿ ನೌಕರ. ನಂಗಾದ್ರೂ ಭಾನ್ವಾರ ರಜ ಐತೆ, ಅವಕ್ಕೆ ಅದೂ ಇಲ್ಲ."

ಅತ್ತೆ ನಗಲಿಲ್ಲ. ಆಗುವುದಿಲ್ಲ ಎಂದು ಎದ್ದು ಹೋದರು. ಮಾರನೆಯ ಮಧ್ಯಾಹ್ನ ಯಜಮಾನರಿಗೆ ಬಂದ ಚಳಿಯಲ್ಲಿ ಹಲ್ಲಿಗೆ ಸಿಕ್ಕಿ ನಾಲಿಗೆ ಸೀಳಿತು. ರಕ್ತ ಒರೆಸುತ್ತಲೇ ಅತ್ತೆ ನನಗೆ ಹೇಳಿದರು: "ಅವನಿಗೆ ಹೇಳಿ ಕಳಿಸು. ಮೀನು ತರ್ಲಿ."

ಒದ್ದೆ ಬಟ್ಟೆ ಮುಚ್ಚಿದ ಮಡಕೆಯಲ್ಲಿ ಅವು ಬಂದವು. ಅರ್ಧ ಬೆರಳುದ್ದವೂ ಇರಲಿಲ್ಲ. ನಂಜಪ್ಪನವರು ಕೊನೆಯ ಮೆಟ್ಟಿಲಲ್ಲಿ ಕೂತು ಮಡಕೆಯನ್ನು ಮೆಲ್ಲಗೆ ಬಗ್ಗಿಸುತ್ತಾ, "ಹೋಗ್ರಪ್ಪ. ದೊಡ್ಡೋರ ಮನೆ, ಮರ್ಯಾದೆಯಾಗಿ ಇರ್ರಿ" ಎಂದು ಮೀನುಗಳಿಗೆ ಬುದ್ಧಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಸುದ್ದಿ ಊರಿಗೆ ಹರಡಲು ಎಷ್ಟು ಹೊತ್ತು? ಸೋಮವಾರ ಗುಡಿಯಲ್ಲಿ ಯಜಮಾನರು ತೀರ್ಥ ಕೊಡಲು ಹೋದಾಗ ಪಟೇಲರು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. "ಮೀನಿನ ಬಾವಿ ನೀರು ನಂಗೆ ಬ್ಯಾಡ." ಹಿಂದಿದ್ದವರ ಕೈಗಳೂ ಒಂದೊಂದಾಗಿ ಇಳಿದವು. ಯಜಮಾನರು ಉದ್ಧರಣೆ ಹಿಡಿದೇ ನಿಂತರು. ಪೂಜೆ ತಪ್ಪಿದರೆ ನಮಗೆ ಆ ಊರಿನಲ್ಲಿ ಬೇರೇನೂ ಇರಲಿಲ್ಲ. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ಎದ್ದು ಬಂದರು.

"ಪಟೇಲ್ರೇ, ದಿನಾ ಕೆರೆ ನೀರು ಕುಡೀತೀರಲ್ಲ, ಕೆರೇಲಿರೋ ಮೀನೇನು ಮಡಿ ಉಟ್ಕೊಂಡು ಈಜ್ತವಾ? ನಿಮ್ಮನೇಲೂ ಮೂರು ಜನ ಹೊದ್ಕೊಂಡು ಮಲಗವ್ರೆ. ನನ್ನ ಮಗ ಉಳೀಲಿ ಅಂತ ನಾನು ಬುಟ್ಟೆ. ಶಿವನಿಗೆ ಬೇಡ ಅನ್ಸಿದ್ರೆ ಅವನು ನಂಗೇ ಹೇಳ್ತಾನೆ."

ಹಾಗೆಂದು ತಾವೇ ಕೈ ಚಾಚಿ ತೀರ್ಥ ತೆಗೆದುಕೊಂಡು, ಎಲ್ಲರೂ ನೋಡುವಂತೆ ಕುಡಿದರು. ಪಟೇಲರು ಆ ದಿನ ತೀರ್ಥವಿಲ್ಲದೆ ಹೋದರು. ಎರಡು ವಾರ ಕಳೆದ ಮೇಲೆ ಅವರ ಆಳು ಬಂದು, "ನಮ್ಮ ತೋಟದ ಬಾವಿಗೂ ನಾಕು ಮೀನು ಬೇಕಂತೆ" ಎಂದು ನಂಜಪ್ಪನವರನ್ನು ಕರೆದುಕೊಂಡು ಹೋದ.

ಮೀನಿನ ಜೊತೆ ಕ್ವಿನೈನ್ ಮಾತ್ರೆಯೂ ಇತ್ತು. ಈ ವಿಷಯದಲ್ಲಿ ನಂಜಪ್ಪನವರು ಯಾರನ್ನೂ ನಂಬುತ್ತಿರಲಿಲ್ಲ. ಎದುರಿಗೇ ನುಂಗಿಸಿ, "ಆ ಅನ್ನಿ, ನಾಲಿಗೆ ಎತ್ತಿ" ಎಂದು ಬಾಯೊಳಗೆ ಇಣುಕುತ್ತಿದ್ದರು. ಬೆಲ್ಲ ಕೇಳಿದವರಿಗೆ, "ಕಹಿ ಅಂಬೋದು ಬರೀ ನಾಲಿಗೆ ಮಾತು ಕಣ್ಲಾ" ಎಂದು ಬುದ್ಧಿವಾದ.

ಒಂದು ಮಧ್ಯಾಹ್ನ ಅವರೇ ನಮ್ಮ ಜಗಲಿಯ ಮೇಲೆ ಮುದುರಿ ಕೂತು ಗಡಗಡ ನಡುಗುತ್ತಿದ್ದರು. ಕಂಬಳಿ ಹೊದಿಸಲು ಕೋಟು ಬಿಚ್ಚಿಸಿದಾಗ ಜೇಬಿನಿಂದ ಒಂದು ಗಂಟು ಬಿತ್ತು. ಬಿಚ್ಚಿದರೆ, ಅವರು ತಿನ್ನಬೇಕಾಗಿದ್ದ ಮಾತ್ರೆಗಳು, ತಿಂಗಳುಗಟ್ಟಲೆಯವು.

"ಏನಪ್ಪಾ ಇದು?" ಎಂದರು ಅತ್ತೆ.

ನಂಜಪ್ಪನವರು ಕಂಬಳಿಯೊಳಗಿಂದ ಹೇಳಿದರು: "ಬಲೇ ಕಹಿ ತಾಯೀ ಅದು."

ಅತ್ತೆ ನೀರು ತಂದು ಮಾತ್ರೆ ಕೈಗಿಟ್ಟರು. ಬೆಲ್ಲದ ಚೂರು ಸಿಕ್ಕೀತೇ ಎಂದು ನಂಜಪ್ಪನವರು ನನ್ನ ಕಡೆ ನೋಡಿದರು. "ತಂಗ್ಯಮ್ಮ..." ನಾನು ಎದ್ದರೆ ಅತ್ತೆ ಕೈ ಹಿಡಿದು ಕೂರಿಸಿದರು. ಅವರು ಕಣ್ಣು ಮುಚ್ಚಿ ನುಂಗಿದ ಮೇಲೆ, "ಆ ಅನ್ನು. ನಾಲಿಗೆ ಎತ್ತು" ಎಂದು ಚಿಮಣಿ ಹಿಡಿಯುವುದೊಂದು ಬಾಕಿ, ಹಾಗೆ ಅತ್ತೆ ಇಣುಕಿ ನೋಡಿದರು. ಬಹಳ ತಿಂಗಳ ಮೇಲೆ ಆ ದಿನ ಯಜಮಾನರು ಗಟ್ಟಿಯಾಗಿ ನಕ್ಕಿದ್ದು ನನಗೆ ನೆನಪಿದೆ. ಆ ವೇಳೆಗಾಗಲೇ ಯಜಮಾನರಿಗೆ ಚಳಿ ಬರುವುದು ನಿಂತಿತ್ತು. ನಿಲ್ಲಿಸಿದ್ದು ಮಾತ್ರೆ ಎಂದು ಯಜಮಾನರು, ಮೀನು ಎಂದು ನಂಜಪ್ಪನವರು, ಶಿವ ಎಂದು ಅತ್ತೆ ವಾದ ಮಾಡುತ್ತಿದ್ದರು.

ಮೂರು ವರ್ಷದ ಮೇಲೆ ನಂಜಪ್ಪನವರಿಗೆ ಪಾವಗಡಕ್ಕೆ ವರ್ಗವಾಯಿತು. ಹೇಳಿಹೋಗಲು ಬಂದರು. ಅವರ ಜಾತಿ ಬೇರೆ. ಅತ್ತೆಯ ಮಡಿ ಊರಿಗೆಲ್ಲ ಗೊತ್ತಿದ್ದದ್ದು. ಅಷ್ಟು ವರ್ಷವೂ ಅವರಿಗೆ ಜಗಲಿಯಲ್ಲೇ ಎಲೆ ಹಾಕುತ್ತಿದ್ದೆವು. ಆ ದಿನ ಅತ್ತೆ ಹೊಸ್ತಿಲ ಬಳಿ ನಿಂತು, "ಒಳಕ್ಕೆ ಬಾ ನಂಜಪ್ಪ" ಎಂದರು.

"ತಾಯೀ, ನಿಮ್ಮ ಮಡಿ..."

"ನನ್ನ ಮಡಿ ನಾನು ನೋಡ್ಕೊತೀನಿ. ನೀನು ಉಣ್ಣು."

ನಡುಮನೆಯಲ್ಲಿ ಯಜಮಾನರ ಪಕ್ಕದಲ್ಲಿ ಕೂತು ಅವರು ತಲೆ ಎತ್ತದೆ ಉಂಡರು.

ಮಾರನೆಯ ವರ್ಷ ಪಾವಗಡದ ಕಡೆಯಿಂದ ಬಂದ ಬಳೆಗಾರ ನನ್ನ ಕೈಗೆ ಬಳೆ ಏರಿಸುತ್ತಾ ಸುದ್ದಿ ಹೇಳಿದ. ಅಲ್ಲಿಯ ತೆಲುಗಿನಲ್ಲಿ ಸೊಳ್ಳೆಗೆ ದೋಮ ಎನ್ನುತ್ತಾರೆ. "ನಮ್ಮ ದೋಮಲ ನಂಜಪ್ಪ ಹೋಗ್ಬುಟ್ರು ಕಣಮ್ಮ. ಎರಡು ದಿನ ಎದೆನೋವು ಅಂದ್ರು, ಅಷ್ಟೇ."

ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಲೆಯಿಂದ ನೀರಿಳಿಯುತ್ತಾ ಬಂದರು. ನಾನು ಬೆರಗಾಗಿ ನೋಡುತ್ತಿದ್ದರೆ, "ನಮ್ಮೋರು ಹೋದ್ರೆ ತಲೆ ಮ್ಯಾಲೆ ನೀರು ಹಾಕ್ಕೋಬೇಕಲ್ವೇನೆ? ನೀನೂ ಹೋಗು" ಎಂದರು.

ನಾನು ಎದ್ದು ಹೋದೆ. ಬಚ್ಚಲ ಬಾಗಿಲಲ್ಲಿ ಯಜಮಾನರು ಆಗಲೇ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ಗೋಡೆಗೆ ಮುಖ ಮಾಡಿ ನಿಂತಿದ್ದರು.