ಅವ್ವನ ರೂಪಾಯಿ

ರಾಯಚೂರಿನಲ್ಲಿ ನಮ್ಮ ಎದುರುಮನೆಯ ಪತ್ತಾರರು, ಬೆಳ್ಳಿಯೊಡವೆಗೆ ಯಾರಾದರೂ ಅವಸರ ಮಾಡಿದರೆ, "ತಡೀರಿ, ರೂಪ ಬರ್ಲಿ" ಎನ್ನುತ್ತಿದ್ದರು. ಊದುಗೊಳವೆ ಬಾಯಿಗಿಡುವ ಮೊದಲು ಮೀಸೆ ಸರಿಸಿಕೊಳ್ಳುತ್ತಿದ್ದರು. ಕಿಡಿ ಹಾರಿ ಅದರ ಒಂದು ಬದಿ ಸುಟ್ಟಿತ್ತು.

ಅವ್ವ ತೀರಿಕೊಂಡಾಗ ಇನ್ನೂ ನಿಜಾಮರ ಕಾಲ. ಸತ್ತವರ ಮುಖವನ್ನು ಬೆಳ್ಳಿಯಲ್ಲಿ ಮಾಡಿಸಿ ದೇವರ ಜಗುಲಿಯಲ್ಲಿಡುವುದು ನಮ್ಮ ಪದ್ಧತಿ. ಅವ್ವ ಮಾನ್ವಿಯ ತವರಿನಿಂದ ತಂದಿದ್ದ ಕಲದಾರ್ ರೂಪಾಯಿಯನ್ನು, ಎಂದರೆ ಇಂಗ್ಲಿಷರ ನಾಣ್ಯವನ್ನು, ಅಪ್ಪ ಪತ್ತಾರರ ಕೈಗಿಟ್ಟರು. ಅದರ ಮೇಲೆ ಗಡ್ಡದ ರಾಜನಿದ್ದ. ನನಗೆ ಹೆದರಿಕೆಯಾಯಿತು.

"ಯಜ್ಜಾ, ಅವ್ವಗ ಗಡ್ಡ ಬರ್ತದೇನು?"

ಅವರು ನಕ್ಕರು. "ಇಲ್ಲ ಯವ್ವಾ, ಕರಗಿದ್ರ ರಾಜಾನೂ ನೀರ. ಮದ್ಲು ಇದು ಬರೇ ಬೆಳ್ಳಿ. ಅದಕ್ಕ ರೂಪ ಒತ್ತಿದ್ರು, ರೂಪಾಯಿ ಅಂತ ಹೆಸರು ಬಂತು. ಈಗ ನಿಮ್ಮವ್ವನ ರೂಪ ಒತ್ತೋಣ."

ಅವ್ವನ ಫೋಟೊ ಇರಲಿಲ್ಲ. ಪತ್ತಾರರು ಮಾಡುತ್ತಿದ್ದ ಮುಖಗಳೆಲ್ಲ ಒಂದೇ ಅಚ್ಚಿನವು. ಅಂದು ಮಾತ್ರ ಅಚ್ಚನ್ನು ಬದಿಗಿಟ್ಟರು. "ಇಲ್ಲಿ ಕೂಡು. ನಿಮ್ಮವ್ವನ ಮೂಗು ನಿನಗ ಬಂದದ" ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡು, ನೋಡುತ್ತ ನೋಡುತ್ತ ಬೆಳ್ಳಿಯನ್ನು ತಟ್ಟಿದರು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಮುಗಿದ ಮೇಲೆ ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಯ್ದು ಜಗುಲಿಯ ಮೇಲಿಟ್ಟರು.

ಹಬ್ಬಹಬ್ಬಕ್ಕೂ ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ, ಬೆಳ್ಳಿಯ ಮುಖದಲ್ಲಿ ಎತ್ತರವಿದ್ದ ಆ ಮೂಗೇ ಮೊದಲು ಸವೆಯಿತು. ಹೊಸದು ಮಾಡಿಸೋಣ ಎನ್ನುತ್ತಾರೆ ಮನೆಯವರು. ಎದುರಿಗೆ ಕೂರಿಸಿಕೊಂಡು ತಟ್ಟುವವರು ಈಗ ಯಾರಿದ್ದಾರೆ? ತೊಳೆದಾದ ಮೇಲೆ, ಒದ್ದೆ ಬೆರಳಿನಿಂದ ನನ್ನ ಮೂಗನ್ನೇ ಮುಟ್ಟಿ ನೋಡಿಕೊಳ್ಳುತ್ತೇನೆ.