ಒಂದನೇ ನಂಬರ್ ಮನೆಯ ತಾತ

ಕಂಡಕ್ಟರ್ ತಾತನ ಕೈಗೆ ಮೈಕು ಸಿಕ್ಕಿತೆಂದರೆ ಮನೆಯವರೇ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಹೇಳಲು ಇದ್ದದ್ದು ಮಾತ್ರ ಒಂದೇ ಕಥೆ. ಬಡಾವಣೆಯ ಒಂದನೇ ನಂಬರ್ ಮನೆಯ ಬೀಗದಕೈ ಪಡೆದವರು ಅವರು. ಆಗ ರಸ್ತೆಗೆಂದು ಸುಣ್ಣದ ಗೆರೆ ಎಳೆದಿತ್ತು, ರಸ್ತೆ ಇರಲಿಲ್ಲ. ಕಂಬಗಳಿದ್ದವು, ಕರೆಂಟಿರಲಿಲ್ಲ. "ನರಪಿಳ್ಳೆ ಇರ್ಲಿಲ್ಲ ಕಣ್ರೀ ಇಲ್ಲಿ! ನಾನು, ನನ್ನ ಹೆಂಡ್ತಿ, ಒಂದು ಕೈಗೂಸು. ಅಷ್ಟೇ!" ಎಂದು ತಾತ ಎದೆಯುಬ್ಬಿಸಿದರೆ ಕೇಳಿದವರು ಆಹಾ ಅನ್ನಬೇಕು. ಪಾಪ, ಅನ್ನುತ್ತಿದ್ದರು ಕೂಡ.

ನಿಜ ಹೇಳಬೇಕೆಂದರೆ ನರಪಿಳ್ಳೆ ಇತ್ತು. ಸಿಮೆಂಟು ಮೂಟೆ ಕಾಯುವವನ ಹೆಂಡತಿ, ಪಾರ್ಕಿಗೆಂದು ಬಿಟ್ಟ ಜಾಗದ ಮೂಲೆಯ ಶೆಡ್ಡಿನಲ್ಲಿ, ಇವರು ಬರುವುದಕ್ಕೆ ಎಷ್ಟೋ ಮೊದಲಿನಿಂದ. ಇವರು ಬಂದ ದಿನವೇ ಮಳೆ ಸುರಿದು ಹೊಸ ತಾರಸಿ ಸೋರಿ ಹಾಸಿಗೆಯೆಲ್ಲ ತೊಪ್ಪೆಯಾದಾಗ, ಕೂಸನ್ನು ಎತ್ತಿಕೊಂಡು ಹೋಗಿ ತನ್ನ ಮಗ್ಗುಲಲ್ಲಿ ಬೆಚ್ಚಗೆ ಮಲಗಿಸಿಕೊಂಡವಳು ಅವಳೇ. ಕಥೆಗೆ ಕಳೆ ಬರಲಿ ಎಂದು ತಾತ ಅವಳನ್ನು ಯಾವತ್ತೋ ಕೈಬಿಟ್ಟಿದ್ದರು.

ಗಂಡ ತೀರಿಕೊಂಡ ಮೇಲೂ ಅವಳು ಅಲ್ಲೇ ಉಳಿದಳು. ಎಲ್ಲರ ಬಾಯಲ್ಲೂ ಶೆಡ್ಡಮ್ಮ. ಪುರಸಭೆಯಲ್ಲಿ ಟೀ ಮಾಡುವ ಕೆಲಸ. ಈಗ ಅದೇ ಪುರಸಭೆ, ನಕ್ಷೆಯಲ್ಲಿ ಅದು ಪಾರ್ಕು, ಶೆಡ್ಡು ಕೀಳಲೇಬೇಕು ಎಂದು ಪಟ್ಟು ಹಿಡಿದಿತ್ತು. ಅಧ್ಯಕ್ಷೆ ಕೆಟ್ಟವರೇನಲ್ಲ. "ಬಡಾವಣೆಗಿಂತ ಮೊದ್ಲೇ ನೀವಿದ್ರಿ ಅಂತ ಆಗಿನವರು ಒಬ್ರು ಎಲ್ಲರ ಮುಂದೆ ಹೇಳ್ಲಿ, ಬಿಟ್ಬಿಡ್ತೀವಿ" ಎಂದಿದ್ದರು. ಆಗಿನವರೆಂದು ಉಳಿದಿದ್ದದ್ದು ತಾತ ಒಬ್ಬರೇ.

"ನನ್ ಪರವಾಗಿ ಒಂದು ಮಾತು ಹೇಳಿ ಅಣ್ಣಾ, ಇಲ್ದಿದ್ರೆ ಬೀದಿಪಾಲಾಗ್ತೀನಿ" ಎಂದು ಶೆಡ್ಡಮ್ಮ ಬಾಗಿಲಿಗೆ ಬಂದು ನಿಂತಳು.

"ಅಯ್ಯೋ, ಇದನ್ನೂ ಕೇಳ್ಬೇಕೇನಮ್ಮಾ? ಬಡಾವಣೆಯ ಐವತ್ತನೇ ವರ್ಷದ ಸಭೆ ಇದೆಯಲ್ಲ, ಮೈಕಲ್ಲೇ ಹೇಳ್ತೀನಿ ಹೋಗು!"

ಸಭೆಯ ದಿನ ಹಾಲ್ ಗಿಜಿಗುಡುತ್ತಿತ್ತು. ತಾತ ಮೈಕು ಹಿಡಿದು ಸುಣ್ಣದ ಗೆರೆ ಎಂದಾಗ ಜನ ನಕ್ಕರು. ಕರೆಂಟಿಲ್ಲದ ಕಂಬ ಎಂದಾಗ ಇನ್ನೂ ನಕ್ಕರು. ತಾತನಿಗೆ ಹುರುಪು ಬಂತು. ಆಮೇಲೆ ನಾಲಿಗೆ ಇವರ ಅಪ್ಪಣೆಗೆಲ್ಲಿ ಕಾಯುತ್ತದೆ? ರೂಢಿಯಂತೆ ಓಡಿತು. "ನರಪಿಳ್ಳೆ ಇರ್ಲಿಲ್ಲ ಕಣ್ರೀ ಇಲ್ಲಿ!"

ಚಪ್ಪಾಳೆ. ಆಗ ತಾತನಿಗೆ ಕೊಟ್ಟ ಮಾತು ನೆನಪಾಯಿತು. ಗೋಡೆಯ ಪಕ್ಕದಲ್ಲಿ ಶೆಡ್ಡಮ್ಮ ಟೀ ತಟ್ಟೆ ಹಿಡಿದು ಇವರನ್ನೇ ನೋಡುತ್ತಿದ್ದಳು. ಮೈಕು ಇನ್ನೂ ಕೈಯಲ್ಲೇ ಇತ್ತು. ತಪ್ಪಾಯ್ತು ಅನ್ನಲು ಎಷ್ಟು ಹೊತ್ತು ಬೇಕು? ಆದರೆ ಇಷ್ಟು ವರ್ಷ ಬಿಟ್ಟದ್ದೆಲ್ಲ ಬುರುಡೆ ಎಂದು ಅಷ್ಟು ಜನರ ಮುಂದೆ ಒಪ್ಪಬೇಕಲ್ಲ! ತಾತ ಮೈಕು ಕೊಟ್ಟು ಕೂತುಬಿಟ್ಟರು. ಕೂತ ಮೇಲೆ ನಾಚಿಕೆಯಿಂದ ಹಿಡಿಯಷ್ಟಾದರು, ಥೂ ನನ್ನ ಜನ್ಮಕ್ಕಿಷ್ಟು ಎಂದು ಒಳಗೊಳಗೇ ಉಗಿದುಕೊಂಡರು.

"ಹಿರಿಯರೇ ಹೇಳಿದ್ಮೇಲೆ ಮುಗೀತು, ಆಗ ಇಲ್ಲಿ ಯಾರೂ ಇರ್ಲಿಲ್ಲ" ಎಂದರು ಅಧ್ಯಕ್ಷೆ. "ಶೆಡ್ಡಿನ ವಿಷಯಾನೂ ತೀರ್ಮಾನ ಆದಂಗಾಯ್ತು."

ಶೆಡ್ಡಮ್ಮ ಟೀ ಹಂಚುತ್ತ ಇವರ ಸಾಲಿಗೆ ಬಂದಳು. ತಾತನಿಗೆ ತಲೆ ಎತ್ತಲಾಗಲಿಲ್ಲ. ಲೋಟ ತೆಗೆದುಕೊಳ್ಳುತ್ತ, ಪಕ್ಕದವರಿಗೂ ಕೇಳಿಸದ ಹಾಗೆ, "ನೀನಿದ್ದೆ ತಾಯೀ, ನೀನಿದ್ದೆ" ಎಂದರು.

"ನಾನಿದ್ದದ್ದು ನಂಗೆ ಗೊತ್ತಲ್ಲ ಅಣ್ಣಾ" ಎಂದಳು ಶೆಡ್ಡಮ್ಮ. "ಅವರಿಗೆ ಹೇಳ್ಬೇಕಿತ್ತು."